ಎಲ್ಲರಿಗೂ ಅಜ್ಜಿಯಾಗಿದ್ದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನನ್ನ ಬಳಿ ಸಲಹೆಗೆ ಬಂದವಳು ಮೂವತ್ತರೊಳಗಿನ ಯುವತಿ. ಅಜ್ಜಿ ತೀರಿಕೊಂಡು ಐದನೆಯ ತಿಂಗಳು ನಡೆಯುತ್ತಿತ್ತು. ಆಕೆ ಹೇಳಿಕೊಂಡದ್ದು ದುಃಖವನ್ನಲ್ಲ, ಸಿಟ್ಟನ್ನು: “ಚರ್ಚಿನವರನ್ನು ಕಂಡರೆ ಆಗುವುದಿಲ್ಲ. ಅವರೆಲ್ಲ ಒಳ್ಳೆಯವರೇ. ಅದಕ್ಕೇ ಇನ್ನಷ್ಟು ನಾಚಿಕೆಯಾಗುತ್ತದೆ.”

ಅಜ್ಜಿಗೆ ಜನ ಬೇಕು. ಭಾನುವಾರದ ಆರಾಧನೆ ಮುಗಿದ ಮೇಲೆ ಅವರನ್ನು ಅಂಗಳದಿಂದ ಹೊರಡಿಸುವುದೇ ಮನೆಯವರಿಗೊಂದು ಕೆಲಸ. ಯಾರ ಮಗುವಿಗೆ ಜ್ವರ, ಯಾರ ಮಗನಿಗೆ ಇನ್ನೂ ಕೆಲಸವಿಲ್ಲ, ಎಲ್ಲವೂ ಅವರಿಗೆ ಗೊತ್ತು. ಉಳಿದ ಹೊತ್ತೆಲ್ಲ ಕೈದೋಟ. ಚರ್ಚಿನ ಅಲಂಕಾರದ ಹೂವು ಬಹುಪಾಲು ಅಲ್ಲಿಂದಲೇ ಹೋಗುತ್ತಿತ್ತು. ಮನೆಗೆ ಬಂದವರು ಒಂದು ಕಡ್ಡಿಯೋ ಗೆಡ್ಡೆಯೋ ಇಲ್ಲದೆ ಮರಳಿದ್ದೇ ಇಲ್ಲ.

ಈಗ ಆ ತೋಟಕ್ಕೆ ಮೊಮ್ಮಗಳು ಯಾರನ್ನೂ ಬಿಡುತ್ತಿರಲಿಲ್ಲ. ಚರ್ಚಿನ ಹಿರಿಯ ಮಹಿಳೆಯೊಬ್ಬರು ಗುಲಾಬಿಯ ಕಡ್ಡಿ ಕೇಳಿದಾಗ ಇಲ್ಲವೆಂದು ಬಂದು, ಕೋಣೆಯಲ್ಲಿ ಕುಳಿತು ಅತ್ತಿದ್ದಳು. ಒಂದು ಗಿಡವೂ ಸಾಯಬಾರದೆಂದು ಹಗಲಿಗೆ ಎರಡು ಸಲ ನೀರು ಹಾಕುತ್ತಿದ್ದಳು, ಆದರೂ ಕುಂಡದ ಗಿಡಗಳು ಒಂದೊಂದಾಗಿ ಬಾಡುತ್ತಿದ್ದವು. ನಾನು ತೋಟಗಾರಳಲ್ಲ, ಆದರೂ ಇಷ್ಟು ಗೊತ್ತಿತ್ತು: ಮಣ್ಣು ಸದಾ ನೆಂದಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಆಗಲೂ ಎಲೆ ಬಾಡುವುದು ನೀರಿಲ್ಲದ ಗಿಡದಂತೆಯೇ. ಬಾಡಿದ್ದನ್ನು ಕಂಡು ಆಕೆ ಮತ್ತಷ್ಟು ನೀರು ಸುರಿಯುತ್ತಿದ್ದಳು.

ಸಿಟ್ಟಿನ ಬೇರು ಸಿಕ್ಕಿದ್ದು ಮಾತಿನ ನಡುವೆ. ಗಾಯಕವೃಂದದ ಹೆಂಗಸೊಬ್ಬರು, ತಮ್ಮ ದಾಂಪತ್ಯ ಮುರಿದ ದಿನಗಳಲ್ಲಿ ಅಜ್ಜಿ ವಾರವಾರವೂ ಮನೆಗೆ ಬಂದು ಕೂರುತ್ತಿದ್ದರೆಂದು ಹೇಳಿದರಂತೆ. “ನನಗೆ ಒಂದು ಮಾತೂ ಹೇಳಿರಲಿಲ್ಲ. ಹಾಗಾದರೆ ನಾನು ಅವರಿಗೆ ಏನಾಗಿದ್ದೆ?” ಬೇರೊಬ್ಬರ ಗುಟ್ಟನ್ನು ಅಜ್ಜಿ ಕಾಪಾಡಿದ್ದರು, ಅಷ್ಟೆ. ಇದು ಆಕೆಗೂ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚು ತರ್ಕವನ್ನು ಕೇಳುವುದಿಲ್ಲ. ಹತ್ತಾರು ಜನರಿಗೆ ಬೇಕಾದವರು ತೀರಿಕೊಂಡಾಗ ಮನೆಯವರಿಗೆ ಇಂಥ ಸಂಕಟ ಬರುವುದು ಸಹಜ. ಬಾಯಿಬಿಟ್ಟು ಹೇಳುವವರು ಕಡಿಮೆ.

ಮನೆಯಲ್ಲಿ ಸಿಕ್ಕ ಸಮಾಧಾನ “ವಯಸ್ಸಾಗಿತ್ತು, ನರಳದೆ ಹೋದರು” ಎಂಬುದು. ತಾಯಿಗಾದರೆ ಅಳುವ ಹಕ್ಕಿದೆ, ಮೊಮ್ಮಗಳು ಬೇಗ ಚೇತರಿಸಿಕೊಳ್ಳಬೇಕು. ಸುತ್ತಲಿನವರು ಪೂರ್ತಿ ಮಾನ್ಯ ಮಾಡದ ಇಂಥ ದುಃಖದ ಬಗ್ಗೆ ಶೋಕದ ಅಧ್ಯಯನಕಾರ ಕೆನೆತ್ ಡೋಕ 1989ರಲ್ಲೇ ಬರೆದಿದ್ದಾರೆ.

“ನನಗೆ ಕಾಯಿಲೆಯೇ?” ಎಂದು ಕೇಳಿದಳು. ಅಲ್ಲ ಎಂದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ದೀರ್ಘ ಶೋಕವನ್ನು ಕಾಯಿಲೆಯೆಂದು ಗುರುತಿಸಲು ಕನಿಷ್ಠ 6 ತಿಂಗಳನ್ನೂ, ದಿನನಿತ್ಯದ ಬದುಕು ತೀವ್ರವಾಗಿ ಕುಸಿದಿರುವುದನ್ನೂ ಕೇಳುತ್ತದೆ. ಈಕೆ ಕೆಲಸಕ್ಕೆ ಹೋಗುತ್ತಿದ್ದಳು, ಉಣ್ಣುತ್ತಿದ್ದಳು, ನಿದ್ದೆಯೂ ಬರುತ್ತಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದಳು. ಬಂದರೆ ತಿಂಗಳು ಎಣಿಸುತ್ತ ಕೂರದೆ ಅಂದೇ ಮನೋವೈದ್ಯರನ್ನು ಕಾಣಬೇಕೆಂದು ತಿಳಿಸಿದೆ. ಗೆಳತಿಯರೊಂದಿಗೆ ನಕ್ಕರೆ ಅಪರಾಧ ಮಾಡಿದಂತಾಗುತ್ತದೆ ಎಂದದ್ದಕ್ಕೆ, ಶೋಕದ ಸಂಶೋಧಕರಾದ ಸ್ಟ್ರೋಬ ಮತ್ತು ಶುಟ್ 1999ರಲ್ಲಿ ಮಂಡಿಸಿದ ವಿಚಾರವನ್ನು ವಿವರಿಸಿದೆ: ಮನಸ್ಸು ಅಗಲಿಕೆಯ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಓಡಾಡುತ್ತಿರುತ್ತದೆ. ಆ ಓಡಾಟವೇ ಚೇತರಿಕೆ.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ತೋಟದ್ದೇ. ನಿಮಗೆ ನಿಜವಾಗಿ ಬೇಕಾದ ಗಿಡಗಳನ್ನು ಆರಿಸಿ ಇಟ್ಟುಕೊಳ್ಳಿ, ಉಳಿದವನ್ನು ನೀವೇ ಹಂಚಿ, ಯಾರಿಗೆ ಎಂಬುದೂ ನಿಮ್ಮಿಷ್ಟ. ಕೊಡುವಾಗ ಅಜ್ಜಿಯ ಒಂದು ಪ್ರಸಂಗ ಹೇಳಿಸಿಕೊಳ್ಳಿ. ಅವರ ಹಟ, ಕೋಪಗಳ ಪ್ರಸಂಗವಾದರೂ ಸರಿ. ಬರೀ ದೇವತೆಯಂಥ ಅಜ್ಜಿಯನ್ನು ನೆನೆಯುವುದು ಬೇಗ ದಣಿಸುತ್ತದೆ. ಚರ್ಚಿನಲ್ಲಿ ಯಾರಾದರೂ ಕೈ ಹಿಡಿದು ಅಳತೊಡಗಿದರೆ, “ಇಂದು ಮಾತನಾಡಲು ಆಗುತ್ತಿಲ್ಲ, ಮುಂದಿನ ವಾರ ಸಿಗುತ್ತೇನೆ” ಎಂದು ಹೊರಟುಬಿಡಿ. ನಂಬಿಕೆ ಅಷ್ಟಾಗಿ ಇಲ್ಲದೆ ಆರಾಧನೆಗೆ ಹೋಗುವುದು ನಟನೆಯಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಅಲ್ಲಿನ ಪಾದ್ರಿಯ ಬಳಿಯೇ ಎತ್ತಲು ಹೇಳಿದೆ. ಅದು ನನ್ನ ಕ್ಷೇತ್ರವಲ್ಲ.

ಗುಲಾಬಿಯ ಕಡ್ಡಿಯನ್ನು ಆ ಹಿರಿಯ ಮಹಿಳೆಗೆ ಕೊಟ್ಟಳು. ಅಜ್ಜಿ ಆ ಗಿಡವನ್ನು ಮೊದಲು ತಂದದ್ದು ಅವರ ಮನೆಯಿಂದಲೇ ಎಂಬುದು ಆಗ ತಿಳಿಯಿತಂತೆ. ಹೇಳುವಾಗ ಆಕೆಗೆ ನಗು ಬಂದಿತ್ತು.

ಈ ನಡುವೆ, ಅಜ್ಜಿ ಮಾಡುತ್ತಿದ್ದ ಹೂವಿನ ಅಲಂಕಾರವನ್ನು ವಹಿಸಿಕೊಳ್ಳುವಂತೆ ಚರ್ಚಿನವರು ಕೇಳಿದ್ದಾರೆ. ವರ್ಷ ತುಂಬುವವರೆಗೆ ಬೇಡ, ಅವರ ಸ್ಥಾನ ತುಂಬುವ ಹೊರೆ ನಿಮಗೇಕೆ ಎಂದೆ. ಆಕೆ ಒಪ್ಪಿಕೊಂಡುಬಿಟ್ಟಿದ್ದಾಳೆ, ತಿಂಗಳಿಗೆ ಒಂದೇ ಭಾನುವಾರ ಎಂಬ ಷರತ್ತಿನ ಮೇಲೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಷರತ್ತು ಮಾತ್ರ ಚೆನ್ನಾಗಿದೆ.