ಮಿನ್ನೆಸೋಟದಲ್ಲಿ ಮೀನು ಹಿಡಿಯೋಕೂ ಮಕ್ಕಳ ಜೊತೆ ಸುತ್ತಾಡೋಕೂ ಯಾವ ಬೋಟ್ ತಗೊಳ್ಳಲಿ?

ಮೊದಲು ಯಾವ ಕೆರೆಗೆ ಹೋಗ್ತೀರಿ ಅಂತ ಯೋಚಿಸಿ, ಬೋಟ್ ಆಮೇಲೆ. ಮನೆ ಹತ್ತಿರದ ಸಣ್ಣ ಕೆರೆಗಳೇ ಸಾಕು ಅನ್ನೋದಾದರೆ ಪಾಂಟೂನ್, ಅಂದರೆ ತೇಲುವ ಕೊಳವೆಗಳ ಮೇಲೆ ಚಪ್ಪಟೆ ನೆಲ ಇರುವ ಬೋಟ್, ಆರಾಮ. ಅದು ನೀರ ಮೇಲಿನ ಜಗಲಿ ಇದ್ದ ಹಾಗೆ, ಸುತ್ತ ಕಂಬಿ ಇರುತ್ತದೆ, ಊರಿಂದ ಬಂದ ಅಜ್ಜಿ ಕೂಡ ಕೂತಲ್ಲೇ ಗಾಳ ಹಾಕಬಹುದು. ಆದರೆ ಮಿಲ್ ಲ್ಯಾಕ್ಸ್‌ನಂಥ ದೊಡ್ಡ ಕೆರೆಯಲ್ಲಿ ವಾಲೈ ಮೀನು ಹಿಡಿಯುವ ಆಸೆ ಇದ್ದರೆ ಮಾತು ಬೇರೆ. ಆ ಕೆರೆ ತುಂಬಾ ವಿಶಾಲ, ಆಳ ಮಾತ್ರ ಕಡಿಮೆ, ಹಾಗಾಗಿ ಗಾಳಿ ಎದ್ದರೆ ಅಲೆಯೂ ಬೇಗ ಏಳುತ್ತದೆ. ಅಲ್ಲಿಗೆ 17-18 ಅಡಿಯ, ತಳ ವಿ ಆಕಾರದಲ್ಲಿ ಆಳವಾಗಿರುವ ಅಲ್ಯುಮಿನಿಯಂ ಬೋಟೇ ಸರಿ. ಎರಡಕ್ಕೂ ಒಂದೇ ಬೇಕು ಅಂದರೆ ನಾನೂ ಅದನ್ನೇ ಹೇಳೋದು, ಮುಂದೆ ಸೀಟು ಇರುವ ಮಾದರಿ ನೋಡಿ.

ಎಷ್ಟು ಜನ, ಎಷ್ಟು ಭಾರ ಅಂತ ಬೋಟಿನ ಮೇಲಿನ ಫಲಕದಲ್ಲೇ ಬರೆದಿರುತ್ತದೆ. ಅಷ್ಟೂ ಜನ ಹತ್ತಿದರೆ ಗಾಳ ಬೀಸೋಕೆ ಜಾಗ ಎಲ್ಲಿ, ಅಲ್ವಾ? ನಿಮ್ಮ ಕಾರು ಎಷ್ಟು ಭಾರ ಎಳೆಯುತ್ತದೆ ಅಂತಲೂ ನೋಡಿ, ಬೋಟ್, ಮೋಟಾರು, ಪೆಟ್ರೋಲು, ಟ್ರೈಲರ್ ಎಲ್ಲ ಸೇರಿಸಿ ಲೆಕ್ಕ ಹಾಕಿ. 10 ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಇಲ್ಲಿ ಕಾನೂನೇ.

ಇನ್ನೊಂದು. ಕೆರೆಯಿಂದ ಹೊರಟಾಗ ತಳದ ಬಿರಡೆ ತೆಗೆದು ನೀರು ಬಸಿಯಲೇಬೇಕು, ಮತ್ತೆ ಇಳಿಸುವಾಗ ಹಾಕೋದನ್ನ ಮರೀಬೇಡಿ. ನಾನು ಒಮ್ಮೆ ಮರೆತು, ಪಾದ ಒದ್ದೆಯಾದ ಮೇಲೆ ನೆನಪಾಯಿತು.