ತಂತಿಯ ಮೇಲೆ ಮಣಿಸರ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಅಜರ್‌ಬೈಜಾನಿನ ಸಂಗೀತ ಸಂಯೋಜಕಿ ಫ್ರಂಗೀಜ್ ಅಲಿ-ಝಾದೆ ಬಗ್ಗೆ ಬರೆದಿದ್ದಿರಿ. ಅಲ್ಲಿನ ಮುಘಮ್ ಅಷ್ಟು ಹಳೆಯ ಸಂಗೀತ. ಅದನ್ನು ಪಿಯಾನೊಗೆ, ದೊಡ್ಡ ಪಿಟೀಲಿನಂಥ ಚೆಲ್ಲೊಗೆ ತಂದು ಕೆಡಿಸುವುದು ಯಾಕೆ? ಪಿಯಾನೊ ತಂತಿಯ ಮೇಲೆ ಮಣಿಸರ ಹಾಕುವುದು ಬರೀ ಗಿಮಿಕ್ ಅಲ್ವಾ?
– ಒಬ್ಬ ಓದುಗ, ಧಾರವಾಡ

ಸಂಪಾದಕರ ಉತ್ತರ: ಸ್ವಾಮಿ, ಹಳೆಯದು ಹಾಳಾಗಬಾರದು ಅನ್ನುವ ನಿಮ್ಮ ಕಳಕಳಿ ಸರಿಯೇ. ಬಾರದವರು ಕೈಯಾಡಿಸಿ ಕೆಡಿಸಿದ್ದನ್ನು ನಾನೂ ಕೇಳಿದ್ದೇನೆ. ಆದರೆ ಫ್ರಂಗೀಜ್ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ.

ಅವರು 1947ರಲ್ಲಿ ಅಜರ್‌ಬೈಜಾನಿನ ರಾಜಧಾನಿ ಬಾಕುವಿನಲ್ಲಿ ಹುಟ್ಟಿದವರು. ಅವರ ಗುರು ಕಾರಾ ಕಾರಾಯೆವ್, ರಷ್ಯಾದ ಹೆಸರಾಂತ ಸಂಯೋಜಕ ಶೊಸ್ತಕೋವಿಚ್‌ರ ಶಿಷ್ಯರು. ಸೋವಿಯತ್ ಕಾಲದಲ್ಲೇ ಶೋನ್‌ಬರ್ಗ್, ಮೆಸಿಯಾನ್‌ರಂಥ ಯುರೋಪಿನ ಆಧುನಿಕ ಸಂಯೋಜಕರ ಕೃತಿಗಳನ್ನು ಪಿಯಾನೊದಲ್ಲಿ ನುಡಿಸಿದವರು ಈಕೆ. ಹಾಗಂತ ಊರಿನ ಸಂಗೀತ ಮರೆಯಲಿಲ್ಲ. ಚೆಲ್ಲೊ, ಪಿಯಾನೊಗೆ ಅವರು ಬರೆದ 1979ರ ಕೃತಿ 'ಹಬೀಲ್ ಸಾಯಾಗಿ' ಅಂದರೆ 'ಹಬೀಲರ ಶೈಲಿಯಲ್ಲಿ'. ಹಬೀಲ್ ಅಲಿಯೆವ್ ಕಮಾಂಚೆಯ ದೊಡ್ಡ ಕಲಾವಿದರು. ನೆಟ್ಟಗೆ ನಿಲ್ಲಿಸಿ ಕಮಾನಿನಿಂದ ನುಡಿಸುವ ಆ ವಾದ್ಯದ ಕೊರಗು ಚೆಲ್ಲೊದಿಂದ ಬರಬೇಕು ಅನ್ನುವುದು ಫ್ರಂಗೀಜ್ ಅವರ ಹಟ. ಇದು ಕೆಡಿಸುವುದಾ?

ಇನ್ನು ಮಣಿಸರ. ಪಿಯಾನೊದ ಮುಚ್ಚಳ ತೆಗೆದು, ಒಳಗಿನ ತಂತಿಗಳ ಮೇಲೆ ಗಾಜಿನ ಮಣಿಸರ ಹಾಸುತ್ತಾರೆ. ಪಿಯಾನೊದ ಕೀ ಒತ್ತಿದರೆ ತಂತಿಯ ಜೊತೆ ಮಣಿಗಳೂ ನಡುಗುತ್ತವೆ. ಸ್ವರಕ್ಕೆ ಸಣ್ಣದೊಂದು ಝೇಂಕಾರ ಸೇರಿಕೊಳ್ಳುತ್ತದೆ. ತಂಬೂರಿಯ ತಂತಿ ಕೆಳಗೆ ದಾರದೆಳೆ ಸಿಕ್ಕಿಸಿ ಜವಾರಿ, ಅಂದರೆ ಇಂಥದ್ದೇ ಝೇಂಕಾರ, ಹಿಡಿಯುವುದನ್ನು ಧಾರವಾಡದವರಿಗೆ ನಾನು ಹೇಳಿಕೊಡಬೇಕಾ? ಆ ದಾರವನ್ನು ಯಾರೂ ಗಿಮಿಕ್ ಅನ್ನಲಿಲ್ಲ.

ನನಗೆ ಜಾಸ್ತಿ ನೋವಾಗುವುದು ಬೇರೆ ಕಾರಣಕ್ಕೆ. ಹಾಡುವ ಹೆಣ್ಣಿಗೆ ಎಲ್ಲರೂ ತಲೆದೂಗುತ್ತಾರೆ. ಹಾಡು ಕಟ್ಟುವ ಹೆಣ್ಣು ಬಂದರೆ 'ಕೆಡಿಸ್ತಾಳೆ' ಅನ್ನುವ ಮಾತು ಶುರು. ಫ್ರಂಗೀಜ್‌ಗೂ ಮುಂಚೆ ಅಲ್ಲಿ ಸಂಯೋಜಕಿ ಅಗಾಬಾಜಿ ರ್ಜಾಯೆವಾ ಇದ್ದರು. 'ಗೆಲಿನ್ ಗಾಯಾಸಿ' ಒಪೆರಾ ಬರೆದ ಶಫೀಗಾ ಅಖುಂದೋವಾ ಇದ್ದರು. ಪಾಶ್ಚಾತ್ಯ ಸಂಗೀತ ಚೆನ್ನಾಗಿ ಬಲ್ಲ ನನ್ನ ಗೆಳೆಯರಿಗೂ ಈ ಹೆಸರುಗಳು ಗೊತ್ತಿರಲಿಲ್ಲ. ನಮ್ಮಜ್ಜಿಯೂ ಸೋಬಾನೆ ಪದಗಳಿಗೆ ಹೊಸ ಮಟ್ಟು ಹಾಕುತ್ತಿದ್ದರು. ಊರೆಲ್ಲ ಹಾಡಿತು. ಮಟ್ಟು ಯಾರದು ಅಂತ ಒಬ್ಬರೂ ಕೇಳಲಿಲ್ಲ.

ಸುಮ್ನೆ ವಾದ ಯಾಕೆ? ನಾಲ್ವರು ತಂತಿವಾದ್ಯಗಾರರ ತಂಡ ಕ್ರೋನೊಸ್ ಕ್ವಾರ್ಟೆಟ್‌ಗೆ ಫ್ರಂಗೀಜ್ 1993ರಲ್ಲಿ ಬರೆದ 'ಮುಘಮ್ ಸಾಯಾಗಿ' ಕೇಳಿ. ಮೊದಲಿಗೆ ವೇದಿಕೆಯ ಮೇಲೆ ಚೆಲ್ಲೊ ಒಂದೇ. ಉಳಿದ ಮೂವರು ಕಣ್ಣಿಗೆ ಬೀಳುವುದಿಲ್ಲ. ಕೇಳಿದ ಮೇಲೂ ಕೆಟ್ಟಿದೆ ಅನ್ನಿಸಿದರೆ ಬರೆಯಿರಿ. ಒಂದಕ್ಷರ ಕಡಿಮೆ ಮಾಡದೆ ಅಚ್ಚು ಹಾಕುತ್ತೇನೆ.