ಬೀಟ್‌ರೂಟು, ಸಾರ್ಬಿಟ್ರೇಟು ಎರಡೂ ಒಂದೇ ಅಲ್ವೇನ್ರಿ?

ದಾವಣಗೆರೆಯಲ್ಲಿ ಹೃದಯದ ಕಾಯಿಲೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಬೀಟ್‌ರೂಟ್ ಜ್ಯೂಸ್ ಶುರುಮಾಡಿ ಮಾತ್ರೆ ಬಿಟ್ಟವರಲ್ಲಿ ಈಗ ಹೇಳಹೊರಟಿರುವ ಯಜಮಾನರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಯಜಮಾನರಿಗೆ ಅರವತ್ತರ ಹತ್ತಿರ. ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷವಾಗಿದೆ. ಇನ್ನೊಂದು ಸಣ್ಣ ನಾಳದ ಅಡಚಣೆ ಹಾಗೇ ಉಳಿದಿದ್ದು, ಮಹಡಿ ಹತ್ತಿದರೆ ಎದೆ ಹಿಡಿದಂತಾಗುತ್ತದೆ.

ಎದೆ ನೋವು ಬಂದಾಗ ನಾಲಿಗೆ ಕೆಳಗಿಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಎಲ್ಲಿಟ್ಟುಕೊಂಡಿದ್ದೀರಿ ಎಂದು ಕೇಳಿದೆ. ಅಂಗಿ ಜೇಬಿನಿಂದ ಪುಟ್ಟ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಬರೀ ಏಲಕ್ಕಿ, ಲವಂಗ.

"ಬಿಟ್ಬಿಟ್ಟೆ ಮೇಡಂ. ಮಾತ್ರೆಯಾಗಿರೋದೂ ನೈಟ್ರೇಟು, ಬೀಟ್‌ರೂಟಲ್ಲಿರೋದೂ ನೈಟ್ರೇಟು. ಒಂದು ಫ್ಯಾಕ್ಟರೀದು, ಒಂದು ಹೊಲದ್ದು. ಎರಡೂ ಒಂದೇ ಅಲ್ವೇನ್ರಿ?"

ಲೆಕ್ಕದ ಮನುಷ್ಯ. ಲೆಕ್ಕ ಅರ್ಧ ಸರಿಯೇ ಇತ್ತು, ಬೈಯಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅವರ ಹೆಂಡತಿ ಬಾಯಿ ಹಾಕಿದರು: "ಅದನ್ನ ಕುಡಿದ ಕೂಡ್ಲೇ ಹಲ್ಲು ಕೆಂಪಗಾಗ್ತಾವೆ ಅಂತ ಮೌತ್‌ವಾಶ್ ಹಾಕಿ ಮುಕ್ಕಳಿಸ್ತಾರ್ರೀ, ದಿನಾ."

ನನಗೆ ಬೇಕಾಗಿದ್ದದ್ದು ಸಿಕ್ಕಿತು. ತರಕಾರಿಯ ನೈಟ್ರೇಟು ಸುತ್ತುದಾರಿ ಹಿಡಿಯುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಹೊಟ್ಟೆಗೆ ಹೋದದ್ದು ರಕ್ತ ಸೇರಿ, ಅಲ್ಲಿಂದ ಮತ್ತೆ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದನ್ನು ನುಂಗಿದ ಮೇಲಷ್ಟೇ ನೈಟ್ರಿಕ್ ಆಕ್ಸೈಡ್ ತಯಾರಾಗಿ ರಕ್ತನಾಳ ಸಡಿಲಾಗುವುದು. (ಈ ನೈಟ್ರಿಕ್ ಆಕ್ಸೈಡ್‌ನ ಕೆಲಸ ಪತ್ತೆಮಾಡಿದ್ದಕ್ಕೇ 1998ರ ವೈದ್ಯಕೀಯ ನೊಬೆಲ್ ಬಂದದ್ದು.) ಮೌತ್‌ವಾಶ್ ಆ ಬ್ಯಾಕ್ಟೀರಿಯಾವನ್ನೇ ಕೊಂದರೆ ದಾರಿ ನಡುವೆಯೇ ಕಟ್ಟಾಗುತ್ತದೆ. ಕಟ್ಟಾಗದಿದ್ದರೂ ಜ್ಯೂಸು ಜೋರಾಗಿ ಕೆಲಸ ಮಾಡಲು ಎರಡು ಮೂರು ಗಂಟೆ ಬೇಕು. ನಾಲಿಗೆ ಕೆಳಗಿಟ್ಟ ಸಾರ್ಬಿಟ್ರೇಟಿಗೆ ಕೆಲವೇ ನಿಮಿಷ ಸಾಕು.

"ಎದೆ ಹಿಂಡೋವಾಗ ಮೂರು ಗಂಟೆ ಕಾಯ್ತೀರಾ?"

ಯಜಮಾನರು ಡಬ್ಬಿ ಮುಚ್ಚಿದರು. ಮತ್ತೆ ತೆರೆದು ನೋಡಿದರು.

ಅವರ ಎದುರೇ ವೈದ್ಯರಿಗೆ ಫೋನ್ ಮಾಡಿದೆ. ಮಾತ್ರೆಗಳು ಅಂದಿನಿಂದಲೇ ಮತ್ತೆ ಶುರುವಾದವು. ಎದೆ ನೋವು ಬಂದರೆ ಕೂತುಕೊಂಡೇ ಮಾತ್ರೆ ಇಟ್ಟುಕೊಳ್ಳಬೇಕು, ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಬೇಕು ಎಂದು ಇಬ್ಬರಿಗೂ ಹೇಳಿದೆ. ಆಮೇಲೆ ಅವರ ಹೆಂಡತಿಯನ್ನು ಟೀ ಕುಡಿದು ಬರಲು ಕಳಿಸಿ ಇನ್ನೊಂದು ಪ್ರಶ್ನೆ ಕೇಳಿದೆ: ವಯಾಗ್ರ ಥರದ್ದೇನಾದರೂ ತಗೊಳ್ತೀರಾ? ಸಾರ್ಬಿಟ್ರೇಟ್ ಜೊತೆ ಅದು ಸೇರಿದರೆ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಇಳಿಯಬಹುದು. ನಾವು ಸಂಕೋಚಪಟ್ಟು ಕೇಳದೆ ಬಿಡುವ ಪ್ರಶ್ನೆ ಇದು.

ಜ್ಯೂಸನ್ನೇ ನಿಲ್ಲಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ನಿಲ್ಲಿಸಲಿಲ್ಲ. ಬೇಡ ಅಂದಿದ್ದರೆ ಇವರು ಕದ್ದು ಕುಡಿಯುತ್ತಿದ್ದರು, ಮುಂದಿನ ಸಲ ಡಬ್ಬಿಯನ್ನೂ ತೋರಿಸುತ್ತಿರಲಿಲ್ಲ. ಅಲ್ಲದೆ ಬೀಟ್‌ರೂಟು ಬಿಪಿಯನ್ನು ತುಸು ಇಳಿಸುವುದು ಸುಳ್ಳಲ್ಲ. ಹಾಗಾಗಿ ಸಕ್ಕರೆ ಹಾಕದೆ ಅರ್ಧ ಲೋಟ, ಮುಕ್ಕಳಿಸಲು ಬರೀ ನೀರು, ವಾರಕ್ಕೆರಡು ಸಲ ಬಿಪಿ ಬರೆದಿಡುವುದು ಎಂದು ಒಪ್ಪಂದವಾಯಿತು. ಕಿಡ್ನಿ ತೊಂದರೆ ಇದ್ದಿದ್ದರೆ ಪೊಟ್ಯಾಸಿಯಂ ಕಾರಣಕ್ಕೆ ಇಷ್ಟನ್ನೂ ಒಪ್ಪುತ್ತಿರಲಿಲ್ಲ. ಇವರ ರಿಪೋರ್ಟ್ ಸರಿಯಿತ್ತು. ದಂಟು, ಪಾಲಕ್ ಸೊಪ್ಪಲ್ಲೂ ನೈಟ್ರೇಟು ಧಾರಾಳ. ಬೇಯಿಸಿದಾಗ ನೀರಿಗಿಳಿಯುತ್ತದೆ, ಬಸ್ಸಾರು ಮಾಡುವ ಮನೆಯಲ್ಲಿ ಅದೂ ಪೋಲಾಗುವುದಿಲ್ಲ. ಉಪ್ಪು ಮಾತ್ರ ಕಡಿಮೆ ಹಾಕಿ ಅಂದೆ.

ತಿಂಗಳ ನಂತರ ಬಂದವರು ಕೇಳುವ ಮೊದಲೇ ಡಬ್ಬಿ ತೆಗೆದರು. ಏಲಕ್ಕಿ ಪಕ್ಕದಲ್ಲಿ ನಾಲ್ಕು ಮಾತ್ರೆ, ಸ್ಟ್ರಿಪ್ಪಿನಿಂದ ಬಿಡಿಸಿ ಹಾಕಿದ್ದರು. ಹಾಗೆ ಬಿಡಿಸಿಟ್ಟರೆ ಕೆಟ್ಟುಹೋಗಬಹುದು, ಸ್ಟ್ರಿಪ್ಪನ್ನೇ ಇಟ್ಟುಕೊಳ್ಳಿ ಎಂದೆ. "ಮತ್ತೆ ಏಲಕ್ಕಿ ಎಲ್ಲಿ ಇಟ್ಕಳ್ಳಾನ್ರಿ?" ಅಂದರು.